ಪಿಯುಸಿಯಲ್ಲಿ ಭೌತಶಾಸ್ತ್ರ: ಕಾಂಬಿನೇಶನ್, ಕಾಲೇಜು, ಪರೀಕ್ಷೆ ಆರಿಸುವ ಮೊದಲು

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮರುದಿನದಿಂದ ನಮ್ಮ ಎರಡು ಜಿಲ್ಲೆಗಳಲ್ಲಿ ಮಾತೆಲ್ಲ ಕಾಲೇಜಿನದ್ದೇ. ಮಂಗಳೂರಿನ ಜ್ಯೋತಿ ಸರ್ಕಲ್‌ನಿಂದ ಉಡುಪಿಯ ಸರ್ವಿಸ್ ಬಸ್‌ಸ್ಟ್ಯಾಂಡಿನವರೆಗೆ ಟಾಪರ್‌ಗಳ ಫೋಟೊ ತುಂಬಿದ ಫ್ಲೆಕ್ಸ್‌ಗಳು. ಅವನ್ನು ನೋಡಿದರೆ ಕರಾವಳಿಯಲ್ಲಿ ಯಾರೂ ಫೇಲಾದದ್ದೇ ಇಲ್ಲ ಅನಿಸಬೇಕು. ಅದು ಪೂರ್ತಿ ಸುಳ್ಳೂ ಅಲ್ಲ. 2024ರ ದ್ವಿತೀಯ ಪಿಯುಸಿ ಫಲಿತಾಂಶದಲ್ಲಿ ದಕ್ಷಿಣ ಕನ್ನಡ ಮೊದಲು, ಉಡುಪಿ ಎರಡನೆಯದು. 2025ರಲ್ಲಿ ಜಾಗ ಅದಲುಬದಲಾಯಿತು, ಅಷ್ಟೆ. ಎಲ್ಲ ಕಡೆಯೂ ಮಕ್ಕಳು ಪಾಸಾಗುವ ಊರಿನಲ್ಲಿ 'ಶೇಕಡಾ ನೂರು ಫಲಿತಾಂಶ' ಎಂಬ ಸಾಲನ್ನು ನೋಡಿ ಕಾಲೇಜು ಆರಿಸಿದರೆ ಆರಿಸಿದಂತಾಗುವುದಿಲ್ಲ.

ಭೌತಶಾಸ್ತ್ರ ಪಾಠ ಮಾಡುವವನಾಗಿ ನನಗೆ ಕಾಣುವುದು ಇಷ್ಟು. ಪಠ್ಯ ಎಲ್ಲ ಕಡೆ ಒಂದೇ. ಪ್ರಥಮ ಪಿಯುಸಿಯಲ್ಲಿ 14 ಅಧ್ಯಾಯ, ದ್ವಿತೀಯದಲ್ಲಿ 14, ಎರಡೂ ಎನ್‌ಸಿಇಆರ್‌ಟಿಯವೇ. ಸರಕಾರಿ ಕಾಲೇಜಾಗಲಿ, ಲಕ್ಷಗಟ್ಟಲೆ ಫೀಸಿನ ಹಾಸ್ಟೆಲ್ ಕಾಲೇಜಾಗಲಿ, ಸಿಬಿಎಸ್‌ಇ ಶಾಲೆಯಾಗಲಿ, ನ್ಯೂಟನ್ನನ ಎರಡನೆಯ ನಿಯಮ ಬದಲಾಗುವುದಿಲ್ಲ. ಬದಲಾಗುವುದು ಹುಡುಗನೋ ಹುಡುಗಿಯೋ ಒಂದು ಲೆಕ್ಕದ ಎದುರು ಒಬ್ಬರೇ ಕೂತು ಒದ್ದಾಡಲು ದಿನದಲ್ಲಿ ಉಳಿಯುವ ಹೊತ್ತು. ಜೀವಶಾಸ್ತ್ರವನ್ನು ಓದಿ ನಿಭಾಯಿಸಬಹುದು, ರಸಾಯನಶಾಸ್ತ್ರದ ಅರ್ಧವನ್ನು ನೆನಪಿನ ಬಲದಿಂದ ದಾಟಬಹುದು. ಭೌತಶಾಸ್ತ್ರದಲ್ಲಿ ಆ ಒದ್ದಾಟ ಇಲ್ಲದೆ ಏನೂ ನಿಲ್ಲುವುದಿಲ್ಲ. ಹಾಗಾಗಿ ಕೆಳಗಿನ ಹೋಲಿಕೆಯಲ್ಲೆಲ್ಲ ನನ್ನ ಅಳತೆಗೋಲು ಅದೇ.

ಕಾಂಬಿನೇಶನ್ ಯಾವುದು?

ಇಲ್ಲಿ ಹೋಲಿಸುವ ನಾಲ್ಕು ಕಾಂಬಿನೇಶನ್‌ಗಳಲ್ಲೂ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಇದ್ದೇ ಇವೆ. ನಾಲ್ಕನೆಯ ವಿಷಯ ಜೀವಶಾಸ್ತ್ರವಾದರೆ ಪಿಸಿಎಂಬಿ, ಕಂಪ್ಯೂಟರ್ ಸೈನ್ಸ್ ಆದರೆ ಪಿಸಿಎಂಸಿ, ಎಲೆಕ್ಟ್ರಾನಿಕ್ಸ್ ಆದರೆ ಪಿಸಿಎಂಇ, ಸಂಖ್ಯಾಶಾಸ್ತ್ರವಾದರೆ ಪಿಸಿಎಂಎಸ್.

'ಎರಡೂ ಬಾಗಿಲು ತೆರೆದಿರಲಿ' ಎಂದು ಪಿಸಿಎಂಬಿ ಕೊಡಿಸುವವರು ನಮ್ಮಲ್ಲಿ ಬಹಳ. ಬಾಗಿಲು ತೆರೆದಿರುತ್ತದೆ ನಿಜ, ಅದಕ್ಕೆ ಬೆಲೆಯೂ ಇದೆ. ಜೀವಶಾಸ್ತ್ರದ ಓದು, ಅದರ ರೆಕಾರ್ಡ್, ಚಿತ್ರಗಳು, ಪ್ರಾಕ್ಟಿಕಲ್ ಎಲ್ಲ ಸೇರಿದರೆ ಸಂಜೆಯ ಒಂದು ದೊಡ್ಡ ಪಾಲು ಹೋಗುತ್ತದೆ. ವೈದ್ಯಕೀಯ, ಕೃಷಿ, ಪಶುವೈದ್ಯಕೀಯ, ನರ್ಸಿಂಗ್ ಕಡೆಗೆ ನಿಜವಾದ ಮನಸ್ಸಿದ್ದರೆ ಈ ಬೆಲೆ ಕೊಡಲೇಬೇಕು. 'ಸುಮ್ಮನೆ ಇರಲಿ' ಎಂದು ಮಾತ್ರವಾದರೆ ನಾನು ಬೇಡ ಎನ್ನುತ್ತೇನೆ. ಆ ಹೊತ್ತು ಭೌತಶಾಸ್ತ್ರಕ್ಕೂ ಗಣಿತಕ್ಕೂ ಸಿಗಲಿ.

ಪಿಸಿಎಂಸಿ ತೆಗೆದುಕೊಂಡವರು ನೀಟ್, ಅಂದರೆ ವೈದ್ಯಕೀಯ ಪ್ರವೇಶ ಪರೀಕ್ಷೆ ಬರೆಯಬೇಕಾದರೆ ಜೀವಶಾಸ್ತ್ರವನ್ನು ಹೆಚ್ಚುವರಿ ವಿಷಯವಾಗಿ ಬೇರೆಯಾಗಿ ಓದಿ ಪಾಸಾಗಬೇಕು ಎಂದು ಮನೆಯವರೆಲ್ಲ ತಿಳಿದಿರಬೇಕು. ದ್ವಿತೀಯ ಪಿಯುಸಿಯ ಮಧ್ಯದಲ್ಲಿ ಅಜ್ಜಿಗೆ ಡಾಕ್ಟರ್ ಮೊಮ್ಮಗಳು ಬೇಕೆನಿಸಿದರೆ ಕಷ್ಟ.

ಹೆಚ್ಚಿನವರು ಗಮನಿಸದೇ ಬಿಡುವುದು ಪಿಸಿಎಂಇಯನ್ನು. ಎನ್‌ಸಿಇಆರ್‌ಟಿ ಪಠ್ಯವನ್ನು ಕಡಿತ ಮಾಡಿದಾಗ ದ್ವಿತೀಯದ ಕೊನೆಯ ಅಧ್ಯಾಯದಿಂದ ಝೀನರ್ ಡಯೋಡ್, ಟ್ರಾನ್ಸಿಸ್ಟರ್, ಲಾಜಿಕ್ ಗೇಟ್ ಹೊರಹೋದವು. ನೀಟ್ ಮತ್ತು ಜೆಇಇ ಮೇನ್ (ಎನ್‌ಐಟಿಯಂಥ ಎಂಜಿನಿಯರಿಂಗ್ ಸಂಸ್ಥೆಗಳ ಪ್ರವೇಶ ಪರೀಕ್ಷೆ) ಪಠ್ಯಕ್ರಮದಲ್ಲಿ ಝೀನರ್ ಮತ್ತು ಲಾಜಿಕ್ ಗೇಟ್ ಉಳಿದುಕೊಂಡಿವೆ. ಎಲೆಕ್ಟ್ರಾನಿಕ್ಸ್ ಓದುವವರಿಗೆ ಇವು ತರಗತಿಯಲ್ಲೇ ಸಿಗುತ್ತವೆ, ಉಳಿದವರು ಬೇರೆಯಾಗಿ ಓದಿಕೊಳ್ಳಬೇಕು. ವಿದ್ಯುತ್ ಪ್ರವಾಹ, ಎಸಿ ಸರ್ಕಿಟ್‌ಗಳಲ್ಲೂ ಎರಡು ವಿಷಯಗಳು ಒಂದಕ್ಕೊಂದು ಆಸರೆ. ಎಂಜಿನಿಯರಿಂಗ್ ಎಂದು ತೀರ್ಮಾನವಾಗಿದ್ದು, ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್‌ಗೆ ಖಾಯಂ ಉಪನ್ಯಾಸಕರಿದ್ದರೆ, ಭೌತಶಾಸ್ತ್ರದ ದೃಷ್ಟಿಯಿಂದ ನನ್ನ ಮೊದಲ ಆಯ್ಕೆ ಇದೇ. ಆ 'ಇದ್ದರೆ' ಮುಖ್ಯ. ಎಲ್ಲ ಕಾಲೇಜುಗಳಲ್ಲಿ ಈ ವಿಷಯ ಇಲ್ಲ, ಇದ್ದಲ್ಲೂ ಮಕ್ಕಳ ಸಂಖ್ಯೆ ಕಡಿಮೆ.

ಹಡಗಿನ ಕೆಲಸದ ಆಸೆ ಇಲ್ಲಿನ ಮನೆಗಳಲ್ಲಿ ಹೊಸತಲ್ಲ. ಮರ್ಚೆಂಟ್ ನೇವಿಯ ಅಧಿಕಾರಿ ಕೋರ್ಸುಗಳಿಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಮೂರರಲ್ಲಿ ಸರಾಸರಿ ಶೇ. 60 ಬೇಕು, ಮೇಲೆ ಐಎಂಯು ಸಿಇಟಿ ಎಂಬ ಬೇರೆಯೇ ಪ್ರವೇಶ ಪರೀಕ್ಷೆ. ನಾಲ್ಕನೆಯ ವಿಷಯ ಯಾವುದಾದರೂ ನಡೆಯುತ್ತದೆ.

ಒಂದೇ ಅಧ್ಯಾಯ, ನಾಲ್ಕು ಪರೀಕ್ಷೆ

ಯಾವ ಪರೀಕ್ಷೆಗೆ ತಯಾರಿ ಎಂಬುದೇ ಯಾವ ಕಾಲೇಜು ಎಂಬುದನ್ನು ತೀರ್ಮಾನಿಸಬೇಕು. ನಮ್ಮಲ್ಲಿ ನಡೆಯುವುದು ತಿರುಗಾಮುರುಗಾ. ಕಾಲೇಜು ಮೊದಲು ನಿಗದಿಯಾಗುತ್ತದೆ, ಅವರು ಕೊಟ್ಟ ಪ್ಯಾಕೇಜಿನಲ್ಲಿ ಇದ್ದ ಪರೀಕ್ಷೆ ಮಗುವಿನ ಗುರಿಯಾಗಿಬಿಡುತ್ತದೆ.

ಕಲ್ಲನ್ನು ಓರೆಯಾಗಿ ಎಸೆಯುವ ಪಾಠವನ್ನು, ಅಂದರೆ ಪ್ರೊಜೆಕ್ಟೈಲ್ ಚಲನೆಯನ್ನು ತೆಗೆದುಕೊಳ್ಳಿ. ಬೋರ್ಡ್ ಶೈಲಿಯಲ್ಲಿ ಕೇಳುವುದು: ಕಲ್ಲು ಬೀಳುವ ದೂರಕ್ಕೆ ಸೂತ್ರವನ್ನು ಹಂತಹಂತವಾಗಿ ಡಿರೈವ್ ಮಾಡಿ. ಚಿತ್ರಕ್ಕೆ, ಪ್ರತಿ ಹಂತಕ್ಕೆ ಅಂಕ ಇರುತ್ತದೆ. ಸಿಇಟಿ, ಅಂದರೆ ರಾಜ್ಯದ ಪ್ರವೇಶ ಪರೀಕ್ಷೆಯ ಶೈಲಿಯಲ್ಲಿ: ಒಂದೇ ವೇಗದಲ್ಲಿ 30 ಡಿಗ್ರಿಗೂ 60 ಡಿಗ್ರಿಗೂ ಎಸೆದರೆ ದೂರಗಳ ಅನುಪಾತ ಎಷ್ಟು? ಎರಡೂ ಸಮ, ಉತ್ತರ 1:1. ಗೊತ್ತಿದ್ದವರಿಗೆ ಹತ್ತು ಸೆಕೆಂಡ್ ಸಾಕು. ನೀಟ್ ಶೈಲಿಯಲ್ಲಿ ಅದೇ ಎರಡು ಎಸೆತಗಳ ಎತ್ತರದ ಅನುಪಾತ ಕೇಳಬಹುದು. ಇಲ್ಲಿ ಸೈನ್‌ನ ವರ್ಗ ಬರುವುದರಿಂದ 1:3. ದೂರದ ಸೂತ್ರವನ್ನು ಮಾತ್ರ ಬಾಯಿಪಾಠ ಮಾಡಿದವರು 1:1 ಎಂದು ಗುರುತು ಹಾಕಿ ಒಂದು ಅಂಕ ಕಳೆದುಕೊಳ್ಳುತ್ತಾರೆ. ಜೆಇಇ ಶೈಲಿಯಲ್ಲಿ: ಎಷ್ಟು ಹೊತ್ತಿಗೆ ಕಲ್ಲಿನ ವೇಗದ ದಿಕ್ಕು ಮೊದಲಿನ ದಿಕ್ಕಿಗೆ ಲಂಬವಾಗುತ್ತದೆ? ಮೊದಲಿನ ವೇಗವನ್ನು g ಮತ್ತು ಸೈನ್ ಥೀಟಾದ ಗುಣಲಬ್ಧದಿಂದ ಭಾಗಿಸಿದರೆ ಉತ್ತರ ಬಂತು. ಆದರೆ ಸಮತಟ್ಟಾದ ನೆಲದಿಂದ 45 ಡಿಗ್ರಿಗಿಂತ ಕಡಿಮೆ ಕೋನದಲ್ಲಿ ಎಸೆದರೆ ಹಾಗಾಗುವ ಮೊದಲೇ ಕಲ್ಲು ನೆಲಕ್ಕೆ ಬಿದ್ದಿರುತ್ತದೆ. ಈ ಕೊನೆಯ ಮಾತು ತನ್ನಿಂದ ತಾನೇ ಹೊಳೆಯುವ ಮಗುವಿಗೆ ಜೆಇಇ ಹಿಡಿಸುತ್ತದೆ. ಹೇಳಿಕೊಟ್ಟ ಮೇಲೂ 'ಇದೆಲ್ಲ ಯಾಕೆ ಸಾರ್' ಅನ್ನುವವರಿಗೆ ಎರಡು ವರ್ಷ ಅದನ್ನೇ ಹೇರುವುದು ಹಿಂಸೆ.

ಸಮಯದ ಲೆಕ್ಕವೂ ಬೇರೆ ಬೇರೆ. ಸಿಇಟಿಯಲ್ಲಿ ಭೌತಶಾಸ್ತ್ರಕ್ಕೆ 60 ಪ್ರಶ್ನೆ, 80 ನಿಮಿಷ, ತಪ್ಪಿಗೆ ಅಂಕ ಕಡಿತ ಇಲ್ಲ. ಗೊತ್ತಿಲ್ಲದ್ದನ್ನೂ ಬಿಡದೆ ಗುರುತು ಹಾಕಬೇಕು. ನೀಟ್‌ನಲ್ಲಿ 2025ರ ಮಾದರಿಯಂತೆ 180 ಪ್ರಶ್ನೆಗಳಲ್ಲಿ 45 ಭೌತಶಾಸ್ತ್ರದ್ದು, ಸರಿಗೆ 4, ತಪ್ಪಿಗೆ ಕಡಿತ 1, ಒಟ್ಟು 180 ನಿಮಿಷ. ಜೀವಶಾಸ್ತ್ರವನ್ನು ಬೇಗ ಮುಗಿಸಿ ಉಳಿಸಿದ ಹೊತ್ತೇ ಭೌತಶಾಸ್ತ್ರಕ್ಕೆ ಬಂಡವಾಳ. ಜೆಇಇ ಮೇನ್‌ನಲ್ಲಿ ಮೂರು ಗಂಟೆಗೆ 75 ಪ್ರಶ್ನೆ, ಅದರಲ್ಲಿ ಭೌತಶಾಸ್ತ್ರ 25. ಐದಕ್ಕೆ ಆಯ್ಕೆಗಳೇ ಇರುವುದಿಲ್ಲ, ಸಂಖ್ಯೆಯನ್ನು ಟೈಪ್ ಮಾಡಬೇಕು.

ದ್ವಿತೀಯ ಪಿಯುಸಿಯ ಭೌತಶಾಸ್ತ್ರದಲ್ಲಿ ಥಿಯರಿಗೆ 70, ಪ್ರಾಕ್ಟಿಕಲ್‌ಗೆ 30. ಈ ಅಂಕಗಳನ್ನು ತಾತ್ಸಾರ ಮಾಡಬೇಡಿ. ಸಿಇಟಿಯ ಎಂಜಿನಿಯರಿಂಗ್ ರ‍್ಯಾಂಕ್‌ಗೆ ಅರ್ಧ ಪಾಲು ಸಿಇಟಿ ಅಂಕದಿಂದ, ಇನ್ನರ್ಧ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕದಿಂದ. 'ಬೋರ್ಡ್ ಪರೀಕ್ಷೆ ಹೇಗೂ ಆಗುತ್ತದೆ, ಕೋಚಿಂಗ್ ಮಾತ್ರ ನೋಡಿ' ಎನ್ನುವ ಕಡೆ ಸೇರಿಸುವ ಮುನ್ನ ಈ ಲೆಕ್ಕ ನೆನಪಿರಲಿ.

ಇನ್ನೊಂದು ಮಾತು, ಪ್ರತಿ ವರ್ಷ ಯಾರಾದರೂ ಕೇಳಿಯೇ ಕೇಳುತ್ತಾರೆ. ಸುರತ್ಕಲ್‌ನ ಎನ್‌ಐಟಿಕೆ ನಮ್ಮ ಕಣ್ಣೆದುರೇ ಇದ್ದರೂ ಸಿಇಟಿ ರ‍್ಯಾಂಕಿನಿಂದ ಅಲ್ಲಿ ಬಿಟೆಕ್ ಸೀಟು ಸಿಗುವುದಿಲ್ಲ. ಅದು 1960ರಲ್ಲಿ ಕೆಆರ್‌ಇಸಿ (ಕರ್ನಾಟಕ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜು) ಆಗಿ ಶುರುವಾದದ್ದು. ಹಳಬರು ಈಗಲೂ ಹಾಗೇ ಕರೆಯುತ್ತಾರೆ, ಗೊಂದಲವೂ ಅಲ್ಲಿಂದಲೇ ಇರಬಹುದು. ಈಗ ಅಲ್ಲಿಗೆ ದಾರಿ ಜೆಇಇ ಮೇನ್ ಒಂದೇ. ಅರ್ಧದಷ್ಟು ಸೀಟು ಕರ್ನಾಟಕದವರಿಗೆ, ಮತ್ತು 'ಕರ್ನಾಟಕದವರು' ಎಂಬುದನ್ನು ಹನ್ನೆರಡನೆಯ ತರಗತಿ ಎಲ್ಲಿ ಪಾಸಾದಿರಿ ಎಂಬುದರ ಮೇಲೆ ನೋಡುತ್ತಾರೆ. ಕೇರಳದ ಮಂಜೇಶ್ವರ, ಕುಂಬಳೆ ಕಡೆಯಿಂದ ಮಂಗಳೂರಿಗೆ ಪಿಯುಸಿಗೆ ಬರುವ ಮಕ್ಕಳಿಗೆ ಇದು ದೊಡ್ಡ ಅನುಕೂಲ. ಸಿಇಟಿಯಲ್ಲಿ ನಿಯಮ ಬೇರೆ, ರಾಜ್ಯದಲ್ಲಿ ಓದಿದ ವರ್ಷಗಳನ್ನು ಲೆಕ್ಕ ಹಾಕುತ್ತಾರೆ. ಕಾಸರಗೋಡಿನ ಕನ್ನಡ, ತುಳು ಮನೆಮಾತಿನವರಿಗೆ ಗಡಿನಾಡು ಕನ್ನಡಿಗರ ವಿಭಾಗ ಇದೆ, ಅದಕ್ಕೆ 50 ಅಂಕದ ಕನ್ನಡ ಪರೀಕ್ಷೆ ಬರೆಯಬೇಕು.

ಸರಕಾರಿ, ಅನುದಾನಿತ, ಇಂಟಿಗ್ರೇಟೆಡ್

ಇಂಟಿಗ್ರೇಟೆಡ್ ಕಾಲೇಜು ಎಂದರೆ ಪಿಯುಸಿ ಪಾಠ, ಸಿಇಟಿ-ನೀಟ್-ಜೆಇಇ ಕೋಚಿಂಗ್ ಎರಡೂ ಒಂದೇ ಸೂರಿನಡಿ. ಹೆಚ್ಚಾಗಿ ಹಾಸ್ಟೆಲ್ ಸಹಿತ. ಇವುಗಳ ಬಲ ವಾರವಾರದ ಪರೀಕ್ಷೆ. ಓಎಂಆರ್ ಶೀಟು, ಗಡಿಯಾರ, ರ‍್ಯಾಂಕ್ ಪಟ್ಟಿ ಇವುಗಳ ಹೆದರಿಕೆ ಆರು ತಿಂಗಳಲ್ಲಿ ಹೋಗುತ್ತದೆ. ಮನೆಯಲ್ಲಿ ಕೂತು ಅದನ್ನು ಮಾಡಿಕೊಳ್ಳುವುದು ಸುಲಭವಲ್ಲ. ಮೊಬೈಲ್ ಕೈಗೆ ಸಿಗುವುದಿಲ್ಲ ಎಂಬುದನ್ನೂ ಪೋಷಕರು ಸೇರಿಸಿ ಹೇಳುತ್ತಾರೆ, ಹೇಳಲಿ.

ದೌರ್ಬಲ್ಯ ಎಲ್ಲಿ ಅಂದರೆ ದಿನಚರಿಯಲ್ಲಿ. ಬೆಳಿಗ್ಗೆ ಸ್ಟಡಿ, ಹಗಲು ತರಗತಿ, ಸಂಜೆ ಕೋಚಿಂಗ್, ರಾತ್ರಿ ಮತ್ತೆ ಸ್ಟಡಿ. ಗಂಟೆಗಳು ತುಂಬಿರುತ್ತವೆ, ಆದರೆ ಆ ರಾತ್ರಿಯ ಸ್ಟಡಿ ಹೆಚ್ಚಾಗಿ ಮರುದಿನದ ಟೆಸ್ಟಿಗೇ ಹೋಗುತ್ತದೆ. ಉರುಳುವ ಗೋಲದ ಒಂದು ಲೆಕ್ಕಕ್ಕೆ ಮುಕ್ಕಾಲು ಗಂಟೆ ತಲೆ ಕೆರೆದುಕೊಳ್ಳಲು ಯಾರೂ ಬಿಡುವುದಿಲ್ಲ, ಪರಿಹಾರ ಮುದ್ರಿಸಿದ ಮೆಟೀರಿಯಲ್ ಪಕ್ಕದಲ್ಲೇ ಇರುತ್ತದೆ. ಪರಿಹಾರ ಓದಿದರೆ ಎಲ್ಲ ಅರ್ಥವಾದಂತೆ ಕಾಣುವುದು ಈ ವಿಷಯದ ದೊಡ್ಡ ಮೋಸ. ಸೇರಿಸುವ ಮುನ್ನ ಕೇಳಿ: ವೇಳಾಪಟ್ಟಿಯಲ್ಲಿ ಟೆಸ್ಟೂ ಇಲ್ಲದ, ತರಗತಿಯೂ ಇಲ್ಲದ ಹೊತ್ತು ಎಷ್ಟಿದೆ? ಉತ್ತರ ಕೊಡುವಾಗ ತಡವರಿಸಿದರೆ ಅದೇ ಉತ್ತರ. ಮೊದಲಿನ ಸೆಕ್ಷನ್‌ಗೆ ಪಾಠ ಮಾಡುವವರೇ ಕೊನೆಯ ಸೆಕ್ಷನ್‌ಗೂ ಬರುತ್ತಾರೆಯೇ ಎಂದೂ ಕೇಳಿ. ಫ್ಲೆಕ್ಸಿನ ಫೋಟೊಗಳು ಹೆಚ್ಚಾಗಿ ಒಂದೇ ಸೆಕ್ಷನ್ನಿನವು.

ಸರಕಾರಿ ಪಿಯು ಕಾಲೇಜಿನ ಉಪನ್ಯಾಸಕರು ಸ್ಪರ್ಧಾತ್ಮಕ ಪರೀಕ್ಷೆ ಎದುರಿಸಿ ನೇಮಕಗೊಂಡವರು. ಪಾಠದ ಗುಣದಲ್ಲಿ ಅವರು ಯಾರಿಗೂ ಕಡಿಮೆಯಿಲ್ಲ. ಸಮಸ್ಯೆ ಹುದ್ದೆ ಖಾಲಿ ಬಿದ್ದಾಗ. ಅತಿಥಿ ಉಪನ್ಯಾಸಕರು ಬರುವ ಹೊತ್ತಿಗೆ ಜೂನ್, ಜುಲೈ ದಾಟಿರಬಹುದು. ಹಾಗಾಗಿ ಸರಕಾರಿ ಕಾಲೇಜೆಂದು ಒಟ್ಟಾರೆ ಹೊಗಳುವುದೂ ತೆಗಳುವುದೂ ಬೇಡ. 'ಈ ವರ್ಷ ಭೌತಶಾಸ್ತ್ರಕ್ಕೆ ಖಾಯಂ ಉಪನ್ಯಾಸಕರು ಇದ್ದಾರೆಯೇ' ಎಂಬ ಒಂದೇ ಪ್ರಶ್ನೆಗೆ ಉತ್ತರ ತಿಳಿದುಕೊಳ್ಳಿ. ಇದ್ದಾರೆ, ಮನೆಗೆ ಹತ್ತಿರ, ಸಂಜೆ ನಾಲ್ಕೂವರೆಗೆ ಮಗು ಮನೆಯಲ್ಲಿರುತ್ತದೆ ಎಂದಾದರೆ ಸಿಇಟಿ ಗುರಿಯ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಜಾಗ ಹುಡುಕಬೇಕಾಗಿಲ್ಲ. ಉಳಿದ ಹಣದಲ್ಲಿ ಹಳೆಯ ಪ್ರಶ್ನೆಪತ್ರಿಕೆಗಳ ಪುಸ್ತಕ ಕೊಡಿಸಿ.

ಕನ್ನಡ ಮಾಧ್ಯಮದಲ್ಲಿ ಹತ್ತನೆಯದು ಮುಗಿಸಿದವರಿಗೂ ನಾನು ಹೇಳುವುದು ಇದೇ. ಸುಳ್ಯ, ಬೈಂದೂರು, ಬೆಳ್ತಂಗಡಿ ಕಡೆಯ ಸರಕಾರಿ, ಅನುದಾನಿತ ಕಾಲೇಜುಗಳಲ್ಲಿ ಬೋರ್ಡಿನ ಮೇಲೆ ಇಂಗ್ಲಿಷಿನಲ್ಲಿ ಬರೆದರೂ ವಿವರಣೆ ಕನ್ನಡದಲ್ಲಿ, ಅಗತ್ಯ ಬಿದ್ದರೆ ತುಳುವಿನಲ್ಲಿ ಬರುತ್ತದೆ. ಪೇಟೆಯ ಕಾಲೇಜಿನಲ್ಲಿ ಮೊದಲ ಟೆಸ್ಟಿಗೇ ಬೆದರಿ 'ನನಗೆ ಫಿಸಿಕ್ಸ್ ಆಗುವುದಿಲ್ಲ' ಎಂದು ತೀರ್ಮಾನಿಸಿಕೊಂಡ ಜಾಣ ಮಕ್ಕಳು ಎಷ್ಟೋ. ಅವರಿಗೆ ತೊಡಕಾದದ್ದು ಭಾಷೆ, ಫಿಸಿಕ್ಸ್ ಅಲ್ಲ.

ದೂರದ ವಿಷಯ. ಉಡುಪಿಯಿಂದ ಮಂಗಳೂರಿಗೆ ಸುಮಾರು 60 ಕಿ.ಮೀ. ಎಕ್ಸ್‌ಪ್ರೆಸ್ ಬಸ್ಸಿನವರು ಎಷ್ಟೇ ಹಾರಿಸಿಕೊಂಡು ಹೋದರೂ ಮನೆಯಿಂದ ತರಗತಿಗೆ, ತರಗತಿಯಿಂದ ಮನೆಗೆ ದಿನಕ್ಕೆ ಮೂರು ಗಂಟೆ. ಬಸ್ಸಿನಲ್ಲಿ ನಿಂತುಕೊಂಡು ಜೀವಶಾಸ್ತ್ರ ಓದಬಹುದು, ಲೆಕ್ಕ ಮಾಡಲಾಗುವುದಿಲ್ಲ. ಒಳ್ಳೆಯ ಕಾಲೇಜು ದೂರದಲ್ಲಿ, ಸಾಧಾರಣ ಕಾಲೇಜು ಹತ್ತಿರದಲ್ಲಿ ಎಂಬ ಸಂದರ್ಭದಲ್ಲಿ ನಾನು ಹತ್ತಿರದ್ದರ ಪರ.

ಸಿಬಿಎಸ್‌ಇಯಲ್ಲೇ ಮುಂದುವರಿದರೆ?

ಪಠ್ಯ ಅದೇ, 70-30ರ ಹಂಚಿಕೆಯೂ ಅದೇ. ಪ್ರಶ್ನೆಗಳ ಧಾಟಿ ಬೇರೆ. ಸಿಬಿಎಸ್‌ಇಯಲ್ಲಿ ಕಲಿತದ್ದನ್ನು ಹೊಸ ಸಂದರ್ಭಕ್ಕೆ ಅನ್ವಯಿಸುವ ಪ್ರಶ್ನೆಗಳಿಗೆ ಈಗ ಅರ್ಧದಷ್ಟು ಪಾಲು. ಪಿಯು ಬೋರ್ಡಿನ ಪತ್ರಿಕೆ ಹೆಚ್ಚು ಊಹಿಸಬಲ್ಲಂಥದ್ದು, ಅಂಕ ತೆಗೆಯಲು ಸುಲಭ. ರ‍್ಯಾಂಕಿಗೆ ಬೋರ್ಡ್ ಅಂಕ ಸೇರುವುದರಿಂದ ಸಿಇಟಿ ಗುರಿಯವರಿಗೆ ಇದು ಸಣ್ಣ ಲಾಭವಲ್ಲ. ಪಿಯುಸಿಯಲ್ಲಿ 2024ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿದ್ದು, ಹೆಚ್ಚು ಬಂದ ಅಂಕ ಉಳಿಸಿಕೊಳ್ಳಬಹುದು ಎಂಬ ಸಮಾಧಾನವೂ ಇದೆ. ಮುಡಿಪು ಅಥವಾ ಚಾರದ ನವೋದಯದಲ್ಲಿ, ಪಣಂಬೂರು, ಎಕ್ಕೂರಿನ ಕೇಂದ್ರೀಯ ವಿದ್ಯಾಲಯಗಳಲ್ಲಿ ಈಗಾಗಲೇ ಇದ್ದು, ಜೆಇಇ ಕಡೆ ಒಲವಿರುವ ಮಕ್ಕಳನ್ನು ಕಿತ್ತು ತರುವ ಅಗತ್ಯ ನನಗೆ ಕಾಣುವುದಿಲ್ಲ.

ಲ್ಯಾಬ್ ನೋಡದೆ ಸೇರಿಸಬೇಡಿ

ಕಾಲೇಜು ನೋಡಲು ಹೋದಾಗ ಸ್ಮಾರ್ಟ್ ಬೋರ್ಡ್, ಊಟದ ಹಾಲ್ ತೋರಿಸುತ್ತಾರೆ. ಭೌತಶಾಸ್ತ್ರದ ಲ್ಯಾಬ್ ತೋರಿಸಿ ಎಂದು ನೀವೇ ಕೇಳಬೇಕು. ನಮ್ಮ ಉಪ್ಪುಗಾಳಿ, ನಾಲ್ಕು ತಿಂಗಳ ಮಳೆ ಉಪಕರಣಗಳಿಗೆ ಪರಮ ಶತ್ರು. ಲೆನ್ಸ್ ಒಂದನ್ನು ಬೆಳಕಿಗೆ ಹಿಡಿದು ನೋಡಿ. ಬೂಷ್ಟಿನ ಬಿಳಿ ಎಳೆಗಳು ಹರಡಿದ್ದರೆ ಬಹಳ ದಿನಗಳಿಂದ ಯಾರೂ ಮುಟ್ಟಿಲ್ಲ ಎಂದರ್ಥ. ಮೀಟರ್ ಬ್ರಿಡ್ಜಿನ ತಿರುಪುಗಳು ಹಸಿರುಗಟ್ಟಿದ್ದರೆ, ರೆಸಿಸ್ಟೆನ್ಸ್ ಬಾಕ್ಸಿನ ಪ್ಲಗ್ ಕಪ್ಪಾಗಿದ್ದರೆ ಅದೇ ಕತೆ. ಸಂಪರ್ಕ ಸರಿಯಿಲ್ಲದಲ್ಲಿ ರೋಧ ಹೆಚ್ಚಿ ರೀಡಿಂಗ್ ಎಲ್ಲ ತಪ್ಪು ಬರುತ್ತದೆ, ಮಕ್ಕಳು ಸೀನಿಯರ್‌ಗಳ ರೆಕಾರ್ಡ್ ನೋಡಿ ಬರೆಯುತ್ತಾರೆ. ಮರಳು ಕಾಗದದಿಂದ ಉಜ್ಜಿ ಹೊಳೆಯುವಂತೆ ಇಟ್ಟ ಪ್ಲಗ್ ಕಂಡರೆ ಅಲ್ಲಿ ಒಬ್ಬ ಒಳ್ಳೆಯ ಲ್ಯಾಬ್ ಅಸಿಸ್ಟೆಂಟ್ ಇದ್ದಾರೆ, ನಂಬಿ ಸೇರಿಸಬಹುದು.

ದ್ವಿತೀಯ ಪಿಯು ಮಕ್ಕಳು ಸಿಕ್ಕರೆ 'ಕಳೆದ ಸಲ ಯಾವ ಎಕ್ಸ್‌ಪೆರಿಮೆಂಟ್ ಮಾಡಿದಿರಿ, ಒಂದು ಮೇಜಿಗೆ ಎಷ್ಟು ಜನ' ಎಂದು ವಿಚಾರಿಸಿ. ವರ್ಷವಿಡೀ ಕೋಚಿಂಗ್ ನಡೆಸಿ, ಪರೀಕ್ಷೆಗೆ ಮುಂಚಿನ ಕೆಲವೇ ದಿನಗಳಲ್ಲಿ ಎಲ್ಲ ಪ್ರಯೋಗ ಮುಗಿಸುವ ಕಡೆಗಳೂ ಇವೆ. ಕನ್ನಡಕದ ಪವರ್ ಎಂದರೇನೆಂದು ಲೆನ್ಸಿನ ನಾಭಿದೂರ ಅಳೆದ ಕೈಗೆ ತಿಳಿದಷ್ಟು ನೋಟ್ಸ್ ಬರೆದ ಕೈಗೆ ತಿಳಿಯುವುದಿಲ್ಲ.

ಕಾಲೇಜಿನ ಹೊರಗೂ ಇಲ್ಲಿ ಸಿಗುವುದು ಕಡಿಮೆಯೇನಲ್ಲ. ಪಿಲಿಕುಳದ ವಿಜ್ಞಾನ ಕೇಂದ್ರ, ತಾರಾಲಯ ಇವೆ. ಉಡುಪಿಯ ಪೂರ್ಣಪ್ರಜ್ಞ ಕಾಲೇಜಿನ ಹವ್ಯಾಸಿ ಖಗೋಳವೀಕ್ಷಕರ ಸಂಘ ಇದೆ. ಏಪ್ರಿಲ್ 24-25ರ ಸುಮಾರಿಗೆ ಮಧ್ಯಾಹ್ನ ಹನ್ನೆರಡೂವರೆಯ ಹೊತ್ತಿಗೆ ಮಂಗಳೂರಿನಲ್ಲಿ ನೆಟ್ಟ ಕೋಲಿನ ನೆರಳು ಇಲ್ಲವಾಗುತ್ತದೆ. ಕಾಲೇಜು ಸೇರುವ ಮೊದಲೇ, ರಜೆಯಲ್ಲೇ, ಅಂಗಳದಲ್ಲಿ ನೋಡಬಹುದಾದ ಪಾಠ ಇದು. ಆರ್ಯಭಟ ಉಪಗ್ರಹದ ಯು. ಆರ್. ರಾವ್ ಹುಟ್ಟಿದ್ದು ಉಡುಪಿ ಜಿಲ್ಲೆಯ ಅದಮಾರಿನಲ್ಲಿ, ಇಂಟಿಗ್ರೇಟೆಡ್ ಕಾಲೇಜುಗಳು ಹುಟ್ಟುವುದಕ್ಕೆ ಎಷ್ಟೋ ಮುಂಚೆ, 1932ರಲ್ಲಿ.

ಮೊದಲ ಎರಡು ತಿಂಗಳು

ಎಲ್ಲಿಗೇ ಸೇರಿಸಿ, ಒಂದು ತೊಂದರೆ ಎಲ್ಲ ಕಡೆ ಇದೆ. ಪ್ರಥಮ ಪಿಯುಸಿಯ ಚಲನೆಯ ಪಾಠಕ್ಕೆ ಡೆರಿವೇಟಿವ್ ಬೇಕು, ವೆಕ್ಟರ್ ಬೇಕು, ತ್ರಿಕೋನಮಿತಿ ಬೇಕು. ಗಣಿತದ ಪುಸ್ತಕದಲ್ಲಿ ಡೆರಿವೇಟಿವ್ ಬರುವುದು 14 ಅಧ್ಯಾಯಗಳಲ್ಲಿ 12ನೆಯದಾಗಿ. ವೆಕ್ಟರ್ ಬರುವುದು ದ್ವಿತೀಯ ಪಿಯುಸಿಗೆ. ಅಂದರೆ ಜುಲೈಯಲ್ಲಿ ಬೇಕಾದದ್ದು ಗಣಿತದ ತರಗತಿಗೆ ಬರುವ ಹೊತ್ತಿಗೆ ತಡವಾಗಿರುತ್ತದೆ. ಇದರ ಮೇಲೆ ಡಿಸಿಯವರ ಮಳೆ ರಜೆ. ಕೆಲವು ವರ್ಷ ಜುಲೈಯಲ್ಲಿ ಚಲನೆಯ ಅಧ್ಯಾಯಕ್ಕಿಂತ ರಜೆಯ ಸುದ್ದಿಯೇ ವೇಗವಾಗಿ ಬರುತ್ತದೆ. ಮುಂದಿನ ಎಂಟು ಹತ್ತು ಅಧ್ಯಾಯ ನಿಂತಿರುವುದು ಇದೇ ಭಾಗದ ಮೇಲೆ.

ಕಾಲೇಜುಗಳನ್ನು ಹೋಲಿಸುವಾಗ ಹಾಗಾಗಿ ಇದನ್ನೂ ಕೇಳಿ: ಶುರುವಿನಲ್ಲಿ ಗಣಿತದ ಬ್ರಿಡ್ಜ್ ಕೋರ್ಸ್ ಇದೆಯೇ, ಅದನ್ನು ಭೌತಶಾಸ್ತ್ರದವರು ಮಾಡುತ್ತಾರೆಯೇ? ಇಲ್ಲವಾದರೆ ಮೇ ತಿಂಗಳಲ್ಲಿ ಎರಡು ವಾರ ಸಾಕು. ಎಕ್ಸ್‌ನ ಘಾತಗಳ ಡೆರಿವೇಟಿವ್, ಸೈನ್-ಕಾಸ್, ಗ್ರಾಫಿನ ಓರೆ ಮತ್ತು ಅದರ ಕೆಳಗಿನ ವಿಸ್ತೀರ್ಣ, ವೆಕ್ಟರನ್ನು ಎರಡು ಭಾಗ ಮಾಡುವುದು, ಇಷ್ಟೇ.

ಪಿಯುಸಿಯೇ ಬೇಕೆಂದಿಲ್ಲದವರಿಗೆ ಕದ್ರಿಯ ಸರಕಾರಿ ಪಾಲಿಟೆಕ್ನಿಕ್‌ನಂಥ ಕಡೆ ಮೂರು ವರ್ಷದ ಡಿಪ್ಲೊಮಾ ಇದೆ. ಕೈಕೆಲಸದಲ್ಲಿ ಚುರುಕಿದ್ದು ಡೆರಿವೇಶನ್ ಕಂಡರೆ ದೂರ ಓಡುವ ಮಕ್ಕಳು ಅಲ್ಲಿ ಅರಳುವುದನ್ನು ನೋಡಿದ್ದೇನೆ. ಆಮೇಲೆ ಡಿಪ್ಲೊಮಾದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ಎಂಜಿನಿಯರಿಂಗಿನ ಎರಡನೆಯ ವರ್ಷಕ್ಕೇ ಸೇರಬಹುದು. ಇನ್ನು ಭೌತಶಾಸ್ತ್ರವನ್ನೇ ಮುಂದೆ ಓದಬೇಕೆನ್ನುವ ಅಪರೂಪದವರಿಗೆ ಐಸರ್‌ಗಳ (ವಿಜ್ಞಾನದ ಕಲಿಕೆ, ಸಂಶೋಧನೆಗಾಗಿ ಇರುವ ಕೇಂದ್ರ ಸರಕಾರದ ಸಂಸ್ಥೆಗಳು) ಪ್ರವೇಶ ಪರೀಕ್ಷೆ ಐಎಟಿ ಎಂಬುದೊಂದಿದೆ. ಇಲ್ಲೇ ಬಿಎಸ್ಸಿ ಮಾಡಿ ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯಕ್ಕೆ ಎಂಎಸ್ಸಿಗೆ ಹೋಗುವ ಹಳೆಯ ದಾರಿಯೂ ಮುಚ್ಚಿಲ್ಲ, ಅಲ್ಲಿ ಎಲೆಕ್ಟ್ರಾನ್‌ಗಳಿಗೆ ವೇಗ ಕೊಡುವ ಮೈಕ್ರೋಟ್ರಾನ್ ಯಂತ್ರವೇ ಇದೆ.

ಸೇರಿದ ಮೇಲೆ ಕಾಂಬಿನೇಶನ್ ಸರಿಹೋಗಲಿಲ್ಲ ಎನಿಸಿದರೆ ಮೊದಲ ಕೆಲವು ವಾರಗಳೊಳಗೆ ಕಾಲೇಜಿನ ಆಫೀಸಿನಲ್ಲಿ ಮಾತಾಡಿ. ಪ್ರವೇಶದ ಕೊನೆಯ ದಿನಾಂಕ ಕಳೆದರೆ ಬದಲಾಯಿಸುವುದು ಕಷ್ಟ. ಮಗು ಬಾಯಿಬಿಟ್ಟು ಹೇಳಲಿ ಎಂದು ದಸರಾ ರಜೆಯವರೆಗೆ ಕಾಯಬೇಡಿ, ಜುಲೈಯಲ್ಲೇ ಒಂದು ಸಂಜೆ ಭೌತಶಾಸ್ತ್ರದ ನೋಟ್‌ಬುಕ್ ತೆಗೆದು ನೋಡಿ. ತಾನೇ ಬಿಡಿಸಿದ, ಹೊಡೆದುಹಾಕಿದ, ಮತ್ತೆ ಬಿಡಿಸಿದ ಲೆಕ್ಕಗಳು ಪುಟಗಳಲ್ಲಿ ಕಾಣುತ್ತಿದ್ದರೆ ಕಾಲೇಜು ಯಾವುದಾದರೂ ಚಿಂತೆಯಿಲ್ಲ. ಬೋರ್ಡಿನಿಂದ ನಕಲು ಮಾಡಿದ್ದು ಮಾತ್ರ ಇದ್ದರೆ ಅಂದೇ ಉಪನ್ಯಾಸಕರನ್ನು ಕಾಣಿ.